ಊರಿನ ಸರ್ಕಾರಿ ಶಾಲೆಯೋ, ಕೆಪಿಎಸ್ಸೋ, ಖಾಸಗಿ ಶಾಲೆಯೋ, ವಸತಿ ಶಾಲೆಯೋ: ಬೆಂಗಳೂರಿನ ಸುತ್ತಲಿನ ಹಳ್ಳಿಯ ಪೋಷಕರಿಗೊಂದು ಹೋಲಿಕೆ

ಬೆಂಗಳೂರಿನ ಅಂಚಿನಲ್ಲಿರುವ ಆನೇಕಲ್, ಮಾಗಡಿ, ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಸಣ್ಣ ಊರುಗಳಲ್ಲಿ ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಮನೆಮನೆಯಲ್ಲೂ ಒಂದೇ ಚರ್ಚೆ ಏಳುತ್ತದೆ. ಊರಿನಲ್ಲೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ, ಆದರೆ ಅಲ್ಲಿರುವ ಮಕ್ಕಳು ಹದಿನೈದೋ ಇಪ್ಪತ್ತೋ. ಹೋಬಳಿ ಕೇಂದ್ರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ (ಕೆಪಿಎಸ್) ಇದೆ, ಆದರೆ ಬಸ್ಸು ಹಿಡಿಯಬೇಕು. ಪಟ್ಟಣದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದೆ, ಆದರೆ ಶುಲ್ಕ ಕಟ್ಟಬೇಕು. ಐದನೇ ತರಗತಿ ಮುಗಿದ ಮೇಲೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯೋ ನವೋದಯವೋ ಸಿಗಬಹುದೆಂಬ ಆಸೆಯೂ ಇದೆ. ಈ ಆಯ್ಕೆಗಳ ನಡುವೆ ಸಿಕ್ಕಿಕೊಂಡಿರುವ ತಂದೆ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹತ್ತು ವರ್ಷಕ್ಕೂ ಸೇರಿಸಿ ಒಂದೇ ಸಲ ತೀರ್ಮಾನ ಮಾಡಬೇಕಾಗಿಲ್ಲ. ಐದನೇ ತರಗತಿಯವರೆಗೆ ಒಂದು ತೀರ್ಮಾನ, ಆರರಿಂದ ಮುಂದಕ್ಕೆ ಇನ್ನೊಂದು ತೀರ್ಮಾನ ಎಂದು ಬಿಡಿಸಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಯಾವುದನ್ನು ಅಳೆಯಬೇಕು

ಮೊದಲನೆಯದು ಓದು ಮತ್ತು ಲೆಕ್ಕ. ಮೂರನೇ ತರಗತಿ ಮುಗಿಸಿದ ಮಗು ಎರಡನೇ ತರಗತಿಯ ಪಠ್ಯದ ಒಂದು ಪುಟವನ್ನು ತಡವರಿಸದೆ ಓದಬೇಕು, ದಶಕ ತೆಗೆದುಕೊಂಡು ಕಳೆಯುವ ಎರಡಂಕಿಯ ಲೆಕ್ಕ ಮಾಡಬೇಕು. ಐದನೇ ತರಗತಿ ಮುಗಿಸುವ ಹೊತ್ತಿಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬರಬೇಕು. ದೇಶದ ಹಳ್ಳಿಗಳಲ್ಲಿ ಮನೆಗಳಿಗೇ ಹೋಗಿ ಮಕ್ಕಳ ಕಲಿಕೆಯನ್ನು ಪರೀಕ್ಷಿಸುವ ಅಸರ್ ಸಮೀಕ್ಷೆ ಕೇಳುವುದೂ ಇಂಥವೇ ಪ್ರಶ್ನೆಗಳನ್ನು. 2024ರ ಆ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ. 23.4, ಐದನೇ ತರಗತಿಯವರಲ್ಲಿ ಶೇ. 44.8. ಕೊರೊನಾ ನಂತರದ 2022ರಲ್ಲಿ ಇವು ಶೇ. 16.3 ಮತ್ತು ಶೇ. 38.5 ಇದ್ದವು. ಏರಿಕೆ ಆಗಿರುವುದು ನಿಜ, ಆದರೂ ಐದನೇ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪುಟ ಓದಲು ಬರುವುದಿಲ್ಲ ಎಂಬುದು ಸಣ್ಣ ಮಾತಲ್ಲ. ಖಾಸಗಿ ಶಾಲೆಗಳ ಅಂಕಿ ಇದಕ್ಕಿಂತ ಮೇಲಿದೆ, ಆದರೆ ಅಲ್ಲಿಗೆ ಮಕ್ಕಳನ್ನು ಕಳಿಸುವ ಮನೆಗಳಲ್ಲಿ ಓದಿದ ತಂದೆ ತಾಯಿ, ಟ್ಯೂಷನ್, ತಕ್ಕಮಟ್ಟಿನ ಆದಾಯ ಮೊದಲೇ ಇರುವುದರಿಂದ ಆ ಅಂತರವನ್ನೆಲ್ಲ ಶಾಲೆಯ ಖಾತೆಗೆ ಬರೆಯಲಾಗದು. ನೀವು ಯೋಚಿಸುತ್ತಿರುವ ಪ್ರತಿಯೊಂದು ಶಾಲೆಯಲ್ಲೂ ನಿಮ್ಮ ಬೀದಿಯ ಒಂದಿಬ್ಬರು ಮಕ್ಕಳು ಓದುತ್ತಿರುತ್ತಾರೆ. ಅವರ ಮನೆಯವರನ್ನು ಕೇಳಿ, ಮಗುವನ್ನು ಹೆದರಿಸದೆ, ಅದರ ಪುಸ್ತಕದಿಂದಲೇ ಒಂದು ಪುಟ ಓದಿಸಿ. ಯಾವ ಕರಪತ್ರವೂ ಕೊಡದ ಮಾಹಿತಿ ಅಲ್ಲಿ ಸಿಗುತ್ತದೆ.

ಎರಡನೆಯದು ಶಿಕ್ಷಕರು: ಎಷ್ಟು ಜನ, ಎಷ್ಟು ಕಾಲದಿಂದ, ಕಾಯಂ ಎಷ್ಟು, ಅತಿಥಿ ಎಷ್ಟು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯವರೆಗೆ 60ರವರೆಗೆ ಮಕ್ಕಳಿರುವ ಶಾಲೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. ಅದೇ ಕಾಯ್ದೆ ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕೆನ್ನುತ್ತದೆ. ಚುನಾವಣೆ, ಸಮೀಕ್ಷೆ, ತರಬೇತಿ ಎಂದು ಶಿಕ್ಷಕರು ಹೊರಗೆ ಹೋದ ದಿನಗಳಲ್ಲಿ ತರಗತಿಯಲ್ಲಿ ಯಾರಿದ್ದರು ಎಂಬುದನ್ನು ಕೇಳುವ ಹಕ್ಕು ಪೋಷಕರಿಗಿದೆ.

ಮೂರನೆಯದು ದೂರ ಮತ್ತು ಹೊತ್ತು. ಪ್ರಯಾಣದಲ್ಲಿ ಕಳೆಯುವ ಸಮಯದ ಜೊತೆಗೆ, ಶಾಲೆ ಬಿಟ್ಟ ಮೇಲೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಇದರಲ್ಲೇ ಸೇರುತ್ತದೆ; ಬೊಮ್ಮಸಂದ್ರ, ಪೀಣ್ಯ, ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಇಬ್ಬರೂ ಹೋಗುವ ಮನೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಾಲ್ಕನೆಯದು ಹಣ, ಈ ವರ್ಷದ್ದಲ್ಲ, ಎಸ್‌ಎಸ್‌ಎಲ್‌ಸಿ ಮುಗಿಯುವವರೆಗಿನ ಒಟ್ಟು ಮೊತ್ತ. ಐದನೆಯದು ಮಾಧ್ಯಮ ಮತ್ತು ಅದರ ಬೆನ್ನಿಗಿರುವ ಮೀಸಲಾತಿ. ಈ ಐದನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಪೋಷಕರಿಗೆ ಇದು ಗೊತ್ತಾಗುವುದು ಮಗು ಪಿಯುಸಿಗೆ ಬಂದ ಮೇಲೆ.

ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಮುಂತಾದ ಕೋರ್ಸುಗಳಿಗೆ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲೂ ಗ್ರಾಮೀಣ ಅಭ್ಯರ್ಥಿಗಳಿಗೆ ಮತ್ತು ಕನ್ನಡ ಮಾಧ್ಯಮದವರಿಗೆ ಪಾಲಿದೆ. ಎರಡಕ್ಕೂ ಷರತ್ತು ಒಂದೇ ಬಗೆಯದು: ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ, ಮೊದಲನೆಯದಕ್ಕೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ನೀವು ಹಳ್ಳಿಯಲ್ಲೇ ಇದ್ದರೂ ಮಗು ಪುರಸಭೆ ಅಥವಾ ನಗರಸಭೆ ವ್ಯಾಪ್ತಿಯ ಶಾಲೆಗೆ ಒಂದೇ ವರ್ಷ ಹೋದರೂ ಗ್ರಾಮೀಣ ಮೀಸಲು ಕೈತಪ್ಪುತ್ತದೆ. ನಿರ್ಧಾರವಾಗುವುದು ಶಾಲೆ ಎಲ್ಲಿದೆ ಎಂಬುದರ ಮೇಲೆ. ಬೆಂಗಳೂರಿನ ಸುತ್ತ ಇದು ಇನ್ನಷ್ಟು ಸೂಕ್ಷ್ಮ. 2007ರಲ್ಲಿ 110 ಹಳ್ಳಿಗಳು ಒಟ್ಟಿಗೆ ಮಹಾನಗರ ಪಾಲಿಕೆಗೆ ಸೇರಿದವು. ಅಲ್ಲಿಂದೀಚೆಗೆ ಎಷ್ಟೋ ಗ್ರಾಮ ಪಂಚಾಯಿತಿಗಳು ಪುರಸಭೆಗಳಾಗಿವೆ. ಆದ್ದರಿಂದ ಶಾಲೆಯ ಸ್ಥಳ ಇಂದು ಯಾವ ಸಂಸ್ಥೆಯ ವ್ಯಾಪ್ತಿಯಲ್ಲಿದೆ ಎಂದು ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಮಗು ಮುಂದೆ ಏನಾಗುತ್ತದೆಂದು ಒಂದನೇ ತರಗತಿಯಲ್ಲೇ ತಿಳಿಯದು, ಆದರೆ ತೆರೆದಿರುವ ಬಾಗಿಲನ್ನು ತಿಳಿಯದೆ ಮುಚ್ಚಬಾರದು.

ದಾರಿ ತಪ್ಪಿಸುವ ಎರಡು ಅಂಕಿಗಳು

ಶಾಲೆಗಳನ್ನು ಹೋಲಿಸುವಾಗ ಜನ ಮೊದಲು ನೋಡುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನು ಮತ್ತು ದಾಖಲಾತಿಯನ್ನು. ಎರಡನ್ನೂ ಎಚ್ಚರದಿಂದ ಓದಬೇಕು.

ರಾಜ್ಯದ ಎಸ್‌ಎಸ್‌ಎಲ್‌ಸಿ ಉತ್ತೀರ್ಣರ ಪ್ರಮಾಣ 2023ರಲ್ಲಿ ಶೇ. 83.89 ಇತ್ತು, 2024ರಲ್ಲಿ ಶೇ. 73.40ಕ್ಕೆ ಇಳಿಯಿತು, 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34 ಆಯಿತು. ಎರಡು ವರ್ಷದಲ್ಲಿ ಪಾಠ ಇಷ್ಟು ಕೆಡಲು ಸಾಧ್ಯವಿಲ್ಲ. ಬದಲಾದದ್ದು ಪರೀಕ್ಷೆ ನಡೆಸುವ ರೀತಿ: 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಆ ವರ್ಷ ಹೆಚ್ಚಿನ ಕೃಪಾಂಕ ಕೊಟ್ಟು ಫಲಿತಾಂಶವನ್ನು ಎತ್ತಲಾಯಿತು, ಮರುವರ್ಷ ಆ ಕೃಪಾಂಕ ಇರಲಿಲ್ಲ. ಇಡೀ ರಾಜ್ಯದ ಅಂಕಿಯೇ ಹೀಗೆ ಏರಿಳಿಯುವಾಗ ಎಂಟು ಮಕ್ಕಳು ಪರೀಕ್ಷೆ ಬರೆಯುವ ಹಳ್ಳಿಯ ಪ್ರೌಢಶಾಲೆಯ ಬಗ್ಗೆ ಏನು ಹೇಳುವುದು? ಅಲ್ಲಿ ಒಂದು ಮಗು ಜ್ವರ ಬಂದು ಫೇಲಾದರೆ ಫಲಿತಾಂಶ ಹನ್ನೆರಡೂವರೆ ಅಂಶ ಬೀಳುತ್ತದೆ, ಮಾರನೆಯ ವರ್ಷ ಎಲ್ಲರೂ ಪಾಸಾದರೆ ನೂರಕ್ಕೆ ನೂರು. ಸಣ್ಣ ಶಾಲೆಯಾದರೆ ನಾಲ್ಕೈದು ವರ್ಷದ ಮಕ್ಕಳನ್ನು ಒಟ್ಟು ಕೂಡಿಸಿ ನೋಡಿ. ನೂರಕ್ಕೆ ನೂರು ಎಂದು ಫ್ಲೆಕ್ಸ್ ಹಾಕಿದ ಶಾಲೆಯನ್ನು ಒಂದೇ ಪ್ರಶ್ನೆ ಕೇಳಿ: ಎರಡು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಹತ್ತನೇ ತರಗತಿಯ ಪರೀಕ್ಷೆಗೆ ಕುಳಿತವರು ಎಷ್ಟು? ನಡುವೆ ಟಿ.ಸಿ. ಪಡೆದು ಹೋದವರು ಹೆಚ್ಚಿದ್ದರೆ ಆ ನೂರರ ಅರ್ಥ ಬೇರೆ.

ದಾಖಲಾತಿಯ ಕಥೆ ಇನ್ನೂ ಜಟಿಲ. ಮಕ್ಕಳು ಕಡಿಮೆ ಇದ್ದಾರೆಂದರೆ ಶಾಲೆ ಕೆಟ್ಟದ್ದೆಂದು ನಾವು ಊಹಿಸುತ್ತೇವೆ. ನಿಜವಾಗಿ ಅದಕ್ಕೆ ಕಾರಣಗಳು ಬೇರೆ ಬೇರೆ. ಊರಿನಲ್ಲಿ ಹುಟ್ಟುವ ಮಕ್ಕಳ ಸಂಖ್ಯೆಯೇ ಇಳಿದಿರಬಹುದು. ಜಮೀನು ಲೇಔಟಿಗೆ ಹೋಗಿ ಕುಟುಂಬಗಳು ಪಟ್ಟಣ ಸೇರಿರಬಹುದು. ಎಲ್ಲಕ್ಕಿಂತ ದೊಡ್ಡ ಕಾರಣವೆಂದು ನನಗೆ ಕಾಣುವುದು ಪೂರ್ವ ಪ್ರಾಥಮಿಕ ಹಂತ. ಖಾಸಗಿ ಶಾಲೆಯ ಎಲ್‌ಕೆಜಿ ಸೇರಿದ ಮಗು ಒಂದನೇ ತರಗತಿಗೆ ಊರಿನ ಶಾಲೆಗೆ ಬರುವುದಿಲ್ಲ. ಒಂದನೇ ತರಗತಿಯ ಪ್ರವೇಶದ ಪ್ರಶ್ನೆ ಎಂದು ನಾವು ತಿಳಿದಿರುವುದು ಎರಡು ವರ್ಷ ಮೊದಲೇ ಇತ್ಯರ್ಥವಾಗಿರುತ್ತದೆ. ಆಮೇಲೆ ಅಂಕಿಯೇ ಅಂಕಿಯನ್ನು ಇಳಿಸತೊಡಗುತ್ತದೆ: ಮಕ್ಕಳು ಕಡಿಮೆಯಾದರೆ ಇರುವ ಶಿಕ್ಷಕರು ಹೆಚ್ಚುವರಿ ಎನಿಸಿಕೊಂಡು ಬೇರೆಡೆಗೆ ಹೋಗುತ್ತಾರೆ, ಏಕೋಪಾಧ್ಯಾಯ ಶಾಲೆಯಾದ ಮೇಲೆ ಇನ್ನೂ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ.

ಇದಕ್ಕೆ ವಿರುದ್ಧ ದಿಕ್ಕಿನ ಚಲನೆಯೂ ಬೆಂಗಳೂರಿನ ಸುತ್ತ ಕಾಣುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೂ ಇಟ್ಟಿಗೆ ಗೂಡುಗಳಿಗೂ ಬಂದ ಕುಟುಂಬಗಳ ಮಕ್ಕಳು ಸರ್ಕಾರಿ ಶಾಲೆಗಳನ್ನು ತುಂಬಿಸುತ್ತಿದ್ದಾರೆ. ಕೆಲವು ಸ್ಥಳೀಯ ಪೋಷಕರು ಇದನ್ನೇ ಶಾಲೆ ಬಿಡಿಸಲು ಕಾರಣ ಮಾಡಿಕೊಳ್ಳುವುದು ನನಗೆ ನೋವು ತರುತ್ತದೆ. ಆ ಮಕ್ಕಳಿಂದಾಗಿಯೇ ಎಷ್ಟೋ ಊರುಗಳಲ್ಲಿ ಎರಡನೆಯ ಶಿಕ್ಷಕರ ಹುದ್ದೆ ಉಳಿದಿದೆ, ಅದರ ಪ್ರಯೋಜನ ಊರಿನ ಮಕ್ಕಳಿಗೂ ಸಿಗುತ್ತಿದೆ.

ಊರಿನ ಕಿರಿಯ ಪ್ರಾಥಮಿಕ ಶಾಲೆ

ಹಣ ಮತ್ತು ದೂರದ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಶುಲ್ಕವಿಲ್ಲ, ಪಠ್ಯಪುಸ್ತಕ, ಸಮವಸ್ತ್ರ, ಶೂ ಉಚಿತ, ಮಧ್ಯಾಹ್ನ ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ವಾರದ ಆರೂ ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ 2024ರಲ್ಲಿ ಬಂದಿದೆ. ಬೆಳಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡುವ ತಾಯಿಗೆ ಈ ಊಟದ ಬೆಲೆ ಏನೆಂಬುದು ಚೆನ್ನಾಗಿ ಗೊತ್ತು.

ಕಲಿಕೆಯ ವಿಷಯದಲ್ಲಿ ಈ ಶಾಲೆಯ ಗುಣ ಮತ್ತು ಕೊರತೆ ಎರಡೂ ಒಂದೇ ಬೇರಿನಿಂದ ಬರುತ್ತವೆ. ಮಕ್ಕಳು ಕಡಿಮೆ ಇರುವುದರಿಂದ ಪ್ರತಿಯೊಬ್ಬರ ಪುಸ್ತಕವೂ ದಿನವೂ ಶಿಕ್ಷಕರ ಕೈಗೆ ಹೋಗುವುದು ಸಾಧ್ಯ. ಆದರೆ ಐದು ತರಗತಿಗಳನ್ನು ಇಬ್ಬರು, ಕೆಲವೊಮ್ಮೆ ಒಬ್ಬರೇ ನೋಡಿಕೊಳ್ಳಬೇಕು. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶಿಕ್ಷಕರೇ ರೂಪಿಸಿ, 2009-10ರಿಂದ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಪದ್ಧತಿ ಇಂಥ ತರಗತಿಗಾಗಿಯೇ ಇರುವುದು. ಕಾರ್ಡುಗಳನ್ನು ಹಿಡಿದು ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನೀವು ಗಮನಿಸಬೇಕಾದದ್ದು ನಾಲ್ಕು ಮತ್ತು ಐದನೇ ತರಗತಿಯನ್ನು. ಅಲ್ಲಿ ನಲಿಕಲಿ ಇಲ್ಲ, ವಿಷಯಗಳು ಬೇರೆ ಬೇರೆಯಾಗುತ್ತವೆ, ಒಬ್ಬರೇ ಶಿಕ್ಷಕರಿದ್ದರೆ ಆ ಮಕ್ಕಳೇ ಮೊದಲು ಹಿಂದೆ ಬೀಳುವುದು. ಒಂದು ಬೆಳಗ್ಗೆ ಶಾಲೆಗೆ ಹೋಗಿ, ನಾಲ್ಕು ಐದನೇ ತರಗತಿಯ ಮಕ್ಕಳು ಪಾಠ ಕೇಳುತ್ತಿದ್ದಾರೆಯೇ, ಬರೀ ನಕಲು ಬರೆಯುತ್ತ ಕುಳಿತಿದ್ದಾರೆಯೇ ಎಂದು ನೋಡಿ ಬನ್ನಿ.

ನನ್ನ ತೂಕ ಹೀಗೆ: ಇಬ್ಬರು ಶಿಕ್ಷಕರಿದ್ದು, ಅವರಲ್ಲಿ ಒಬ್ಬರಾದರೂ ಎರಡು ಮೂರು ವರ್ಷದಿಂದ ಅಲ್ಲೇ ಇದ್ದು, ಮೂರನೇ ತರಗತಿಯ ಮಕ್ಕಳಿಗೆ ಓದಲು ಬರುತ್ತಿದ್ದರೆ ಐದನೇ ತರಗತಿಯವರೆಗೆ ಇದೇ ಸರಿಯಾದ ಶಾಲೆ, ಹಣವಿರುವ ಮನೆಗೂ. ಒಬ್ಬರೇ ಶಿಕ್ಷಕರಿದ್ದು, ಅವರೂ ವಾರಕ್ಕೆರಡು ದಿನ ಸಭೆ, ವರದಿ ಎಂದು ಓಡಾಡುತ್ತಿದ್ದರೆ ಶಿಕ್ಷಕರು ಎಷ್ಟೇ ಒಳ್ಳೆಯವರಾದರೂ ಮಗುವನ್ನು ಅಲ್ಲಿ ಬಿಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅಂಥಲ್ಲಿ ಮೊದಲು ಮಾಡಬಹುದಾದ ಕೆಲಸ ಒಂದಿದೆ. ಕಾಯ್ದೆಯಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಮುಕ್ಕಾಲು ಪಾಲು ಪೋಷಕರೇ ಇರಬೇಕು. ಆ ವರ್ಷ ಒಂದನೇ ತರಗತಿಗೆ ಬರುವ ಮಕ್ಕಳ ಐದಾರು ಮನೆಯವರು ಮಾರ್ಚ್ ಹೊತ್ತಿಗೆ ಕೂಡಿ, ಶಿಕ್ಷಕರನ್ನು ಕೊಟ್ಟರೆ ನಾವೆಲ್ಲ ಇಲ್ಲೇ ಸೇರಿಸುತ್ತೇವೆ ಎಂದು ಎಸ್‌ಡಿಎಂಸಿ ಮೂಲಕ ಲಿಖಿತವಾಗಿ ಬಿಇಒ ಅವರಿಗೆ ಕೊಟ್ಟರೆ, ಒಬ್ಬೊಬ್ಬರೇ ಹೋಗಿ ಕೇಳುವುದಕ್ಕಿಂತ ಅದಕ್ಕೆ ತೂಕ ಹೆಚ್ಚು. ಜೂನ್ ಕಳೆದರೂ ಉತ್ತರ ಬರದಿದ್ದರೆ ಅದೇ ಐದಾರು ಮನೆಯವರು ಸೇರಿ ದೊಡ್ಡ ಶಾಲೆಗೆ ಒಂದು ಆಟೊ ಗೊತ್ತು ಮಾಡಿಕೊಳ್ಳಬಹುದು.

ಕೆಪಿಎಸ್ ಅಥವಾ ದೊಡ್ಡ ಸರ್ಕಾರಿ ಶಾಲೆ

ಕರ್ನಾಟಕ ಪಬ್ಲಿಕ್ ಶಾಲೆಗಳ ಮುಖ್ಯ ಆಕರ್ಷಣೆ ಎಂದರೆ ಎಲ್‌ಕೆಜಿಯಿಂದ ಪಿಯುಸಿಯವರೆಗೆ ಒಂದೇ ಆವರಣ. ತರಗತಿಗೊಬ್ಬ ಶಿಕ್ಷಕರು, ಮೇಲಿನ ತರಗತಿಗಳಿಗೆ ವಿಷಯವಾರು ಶಿಕ್ಷಕರು ಸಿಗುವ ಸಾಧ್ಯತೆ ಇಲ್ಲಿ ಹೆಚ್ಚು. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಆರಂಭವಾಗಿ, ಆಮೇಲೆ ವಿಸ್ತರಿಸಿದ್ದರಿಂದ, ಇಂಗ್ಲಿಷಿಗಾಗಿಯೇ ಖಾಸಗಿ ಶಾಲೆಗೆ ಹೋಗುವ ಕಾರಣ ಅನೇಕ ಕಡೆ ಉಳಿದಿಲ್ಲ. ಆದರೆ ಬೇಡಿಕೆ ಹೆಚ್ಚಿರುವ ಕೆಪಿಎಸ್‌ಗಳಲ್ಲಿ ಒಂದು ಕೊಠಡಿಯಲ್ಲಿ ಮಕ್ಕಳು ಕಿಕ್ಕಿರಿದಿರುತ್ತಾರೆ. ಊರಿನ ಶಾಲೆಯಲ್ಲಿ ಶಿಕ್ಷಕರ ಕಣ್ಣೆದುರೇ ಇರುತ್ತಿದ್ದ, ಮಾತು ಕಡಿಮೆಯ, ನಿಧಾನವಾಗಿ ಕಲಿಯುವ ಮಗು ಇಲ್ಲಿ ಹಿಂದಿನ ಬೆಂಚಿನಲ್ಲಿ ಕಳೆದುಹೋಗಬಹುದು.

ಎರಡನೆಯ ತೊಡಕು ಪ್ರಯಾಣ. ಆರು ವರ್ಷದ ಮಗುವನ್ನು ಒಂಟಿಯಾಗಿ ಬಸ್ಸು ಹತ್ತಿಸಲಾಗದು. ಅಕ್ಕನೋ ಅಣ್ಣನೋ ಅದೇ ಶಾಲೆಯಲ್ಲಿದ್ದರೆ ಮಾತು ಬೇರೆ. ದೊಡ್ಡ ಮಕ್ಕಳ ವಿಷಯದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಹುಡುಗಿಯರಿಗೆ ಬಿಎಂಟಿಸಿ ಮತ್ತು ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಹಣಕ್ಕಿಂತ ವೇಳೆಯೇ ಇಲ್ಲಿ ಮುಖ್ಯ: ಬೆಳಗಿನ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಶಾಲೆ ಬಿಟ್ಟ ಮೇಲೆ ಬರುವ ಬಸ್ಸು ನಿಮ್ಮ ಊರಿನವರೆಗೆ ಬರುತ್ತದೆಯೋ ಕೈಮರದ ಹತ್ತಿರ ಇಳಿಸುತ್ತದೆಯೋ ಎಂದು ನೋಡಿಕೊಳ್ಳಿ. ಆರನೇ ತರಗತಿಯಿಂದಾಚೆಗೆ ಕೆಪಿಎಸ್ ಅಥವಾ ದೊಡ್ಡ ಹಿರಿಯ ಪ್ರಾಥಮಿಕ ಶಾಲೆ ನನ್ನ ಮೊದಲ ಆಯ್ಕೆ, ಏಕೆಂದರೆ ಗಣಿತ, ವಿಜ್ಞಾನಕ್ಕೆ ಪ್ರತ್ಯೇಕ ಶಿಕ್ಷಕರು ಬೇಕಾಗುವುದು ಆ ಹಂತದಲ್ಲೇ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಇನ್ನೂ ಒಂದು ಅನುಕೂಲವಿದೆ. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಅನುದಾನರಹಿತ ಖಾಸಗಿ ಶಾಲೆಯ ಮಕ್ಕಳಿಗೆ ಇದು ಸಿಗುವುದಿಲ್ಲ. ಹೋಬಳಿ ಮಟ್ಟದಲ್ಲಿ ಮಠಗಳು, ಸ್ಥಳೀಯ ಟ್ರಸ್ಟುಗಳು ಕಟ್ಟಿದ ಅನುದಾನಿತ ಪ್ರೌಢಶಾಲೆಗಳಿದ್ದರೆ ಅವನ್ನೂ ನೋಡಿ, ಆದರೆ ನಿವೃತ್ತರಾದವರ ಜಾಗ ತುಂಬಿದೆಯೇ ಎಂದು ಮೊದಲು ಕೇಳಿ.

ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ

ಖಾಸಗಿ ಶಾಲೆಗೆ ಕಳಿಸುವವರನ್ನು ಆಡಂಬರದವರೆಂದು ದೂರುವುದು ಅನ್ಯಾಯ. ವ್ಯಾನು ಮನೆ ಬಾಗಿಲಿಗೆ ಬರುತ್ತದೆ, ಮಗು ಎಲ್‌ಕೆಜಿಗೇ ಸೇರಬಹುದು, ಇಂಗ್ಲಿಷ್ ಬಂದರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆಂಬ ಲೆಕ್ಕಾಚಾರದಲ್ಲಿ ಸುಳ್ಳೇನೂ ಇಲ್ಲ. ಅಳೆಯಬೇಕಾದದ್ದು ಆ ಶಾಲೆ ಇಂಗ್ಲಿಷ್ ಕಲಿಸುತ್ತಿದೆಯೇ, ಇಂಗ್ಲಿಷ್ ಪುಸ್ತಕವನ್ನು ಕಂಠಪಾಠ ಮಾಡಿಸುತ್ತಿದೆಯೇ ಎಂಬುದನ್ನು. ಮೂರನೇ ತರಗತಿಯ ಮಗುವಿಗೆ ಅದರ ಪಠ್ಯದಲ್ಲಿಲ್ಲದ ನಾಲ್ಕು ಸರಳ ಇಂಗ್ಲಿಷ್ ವಾಕ್ಯ ಬರೆದುಕೊಟ್ಟು ಓದಿಸಿ, ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಕನ್ನಡದ ಒಂದು ಪುಟವನ್ನೂ ಓದಿಸಿ. ಎರಡು ಭಾಷೆಯಲ್ಲೂ ತಡವರಿಸುವ ಮಗುವಿಗೆ ಮುಂದೆ ವಿಜ್ಞಾನವೂ ಸಮಾಜವೂ ಅರ್ಥವಾಗದೆ ಉಳಿಯುತ್ತವೆ. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಲ್ಲದಿದ್ದರೆ ಈ ಅಪಾಯ ಹೆಚ್ಚು.

ಇನ್ನು ಹಣ. ಲೆಕ್ಕಕ್ಕಾಗಿ ಒಂದನೇ ತರಗತಿಯಲ್ಲಿ ಶುಲ್ಕ 30,000, ವ್ಯಾನಿಗೆ 12,000, ಒಟ್ಟು ವರ್ಷಕ್ಕೆ 42,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಶೇ. 10ರಂತೆ ಏರಿದರೆ ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಒಟ್ಟು ಸುಮಾರು 6.7 ಲಕ್ಷ ರೂಪಾಯಿ ಆಗುತ್ತದೆ, ಪುಸ್ತಕ, ಸಮವಸ್ತ್ರ, ಟ್ಯೂಷನ್ ಬಿಟ್ಟು. ಹತ್ತನೇ ತರಗತಿಯ ಒಂದೇ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ. ಎರಡನೆಯ ಮಗುವಿಗೂ ಇದೇ ಲೆಕ್ಕ. ನಿಮ್ಮ ಶಾಲೆಯ ಅಂಕಿಗಳನ್ನು ಹಾಕಿ ಇದೇ ರೀತಿ ಕೂಡಿ ನೋಡಿ. ಮೊದಲ ವರ್ಷದ ಶುಲ್ಕ ಕಟ್ಟಲು ಆಗುವವರೆಲ್ಲರಿಗೂ ಎಂಟನೇ ವರ್ಷದ್ದು ಕಟ್ಟಲು ಆಗುವುದಿಲ್ಲ, ಮತ್ತು ಏಳೆಂಟನೇ ತರಗತಿಯಲ್ಲಿ ಹಣವಿಲ್ಲದೆ ಮಗುವನ್ನು ಇಂಗ್ಲಿಷ್ ಮಾಧ್ಯಮದಿಂದ ಕನ್ನಡ ಮಾಧ್ಯಮಕ್ಕೆ ತರುವುದು ಮಗುವಿನ ಮೇಲೆ ಬೀಳುವ ದೊಡ್ಡ ಹೊರೆ. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಉಚಿತ ಸೀಟು ಸಿಗಬಹುದೆಂಬ ನಿರೀಕ್ಷೆಯ ಮೇಲೆ ಲೆಕ್ಕ ಹಾಕಬೇಡಿ. 2019-20ರಿಂದ ಕರ್ನಾಟಕದಲ್ಲಿ ಹತ್ತಿರದಲ್ಲೇ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಶೇ. 25 ಸೀಟುಗಳನ್ನು ಕೊಡಬೇಕಾಗಿಲ್ಲವೆಂದು ನಿಯಮ ಬದಲಾದ ಮೇಲೆ ಅಂಥ ಸೀಟುಗಳು ತೀರಾ ಕಡಿಮೆಯಾಗಿವೆ.

ಹಣ ಕಟ್ಟುವ ಮೊದಲು ಮಾನ್ಯತೆ ನವೀಕರಣವಾದ ಆದೇಶವನ್ನು ತೋರಿಸಲು ಕೇಳಿ. ಸಿಬಿಎಸ್‌ಇ ಎಂದು ಹೇಳುವ ಶಾಲೆಯಾದರೆ ಸಂಯೋಜನೆಯ (ಅಫಿಲಿಯೇಷನ್) ಸಂಖ್ಯೆ ಕೇಳಿ, ಮಂಡಳಿಯ ಜಾಲತಾಣದಲ್ಲಿ ಹೋಲಿಸಿ ನೋಡಿ. ರಾಜ್ಯ ಪಠ್ಯಕ್ರಮದ ಮಾನ್ಯತೆ ಇಟ್ಟುಕೊಂಡು ಸಿಬಿಎಸ್‌ಇ ಎಂದು ಸೇರಿಸಿಕೊಂಡ ಪ್ರಕರಣಗಳು ಬೆಂಗಳೂರಿನಲ್ಲೇ ಆಗಿವೆ. ಕಳೆದ ವರ್ಷ ಇದ್ದ ಶಿಕ್ಷಕರಲ್ಲಿ ಎಷ್ಟು ಮಂದಿ ಈ ವರ್ಷವೂ ಇದ್ದಾರೆಂದು ಕೇಳಿ. ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ಕೂರಿಸುತ್ತಾರೆಂದು ಒಂದು ದಿನ ಬೆಳಗ್ಗೆ ನಿಂತು ಎಣಿಸಿ.

ಆರನೇ ತರಗತಿಯ ಬಾಗಿಲುಗಳು

ಐದನೇ ತರಗತಿಯ ನಂತರ ಹಳ್ಳಿಯ ಮಗುವಿಗೆ ಮೂರು ಒಳ್ಳೆಯ ಅವಕಾಶಗಳಿವೆ, ಮೂರಕ್ಕೂ ಪ್ರವೇಶ ಪರೀಕ್ಷೆ ಇದೆ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ಜವಾಹರ ನವೋದಯ ವಿದ್ಯಾಲಯ ಜಿಲ್ಲೆಗೊಂದರಂತೆ ಇದ್ದು, ಸಾಮಾನ್ಯವಾಗಿ 80 ಸೀಟುಗಳಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ ಮೀಸಲು. ಈ ಪಾಲಿಗೆ ಮಗು ಮೂರು, ನಾಲ್ಕು, ಐದನೇ ತರಗತಿಯನ್ನು ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು. ಪಟ್ಟಣದ ಖಾಸಗಿ ಶಾಲೆಗೆ ಹೋದ ಹಳ್ಳಿಯ ಮಗುವಿಗೆ ಇಲ್ಲಿಯೂ ಗ್ರಾಮೀಣ ಪಾಲು ತಪ್ಪುತ್ತದೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. 80 ಪ್ರಶ್ನೆಗಳಲ್ಲಿ ಅರ್ಧ ಮಾನಸಿಕ ಸಾಮರ್ಥ್ಯದವು, ಉಳಿದವು ಅಂಕಗಣಿತ ಮತ್ತು ಭಾಷೆಯವು. ಒಂದು ಮಗುವಿಗೆ ಒಂದೇ ಅವಕಾಶ. ಹನ್ನೆರಡನೇ ತರಗತಿಯವರೆಗೆ ಸಿಬಿಎಸ್‌ಇ ಪಠ್ಯಕ್ರಮ, ವಸತಿ, ಊಟ ಎಲ್ಲ ಅಲ್ಲೇ.

ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ರಾಜ್ಯ ಸರ್ಕಾರದವು, ಶಾಲೆಗೆ ಸಾಮಾನ್ಯವಾಗಿ 50 ಸೀಟು. ಆದರ್ಶ ವಿದ್ಯಾಲಯಗಳು ವಸತಿ ಇಲ್ಲದ ಇಂಗ್ಲಿಷ್ ಮಾಧ್ಯಮ ಶಾಲೆಗಳು, ಎಲ್ಲ ತಾಲ್ಲೂಕುಗಳಲ್ಲೂ ಇಲ್ಲ. ನಿಮ್ಮಲ್ಲಿದೆಯೇ ಎಂದು ಬಿಇಒ ಕಚೇರಿಯಲ್ಲಿ ಕೇಳಿ. ಈ ಶಾಲೆಗಳಿಗೆ ಹೋದರೆ ಕನ್ನಡ ಮಾಧ್ಯಮದ ಮೀಸಲು ಹೋಗುತ್ತದೆ, ಶಾಲೆ ಗ್ರಾಮೀಣ ವ್ಯಾಪ್ತಿಯಲ್ಲಿದ್ದರೆ ಗ್ರಾಮೀಣ ಮೀಸಲು ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಬಡ ಮನೆಯ ಚುರುಕಾದ ಮಗುವಿಗೆ ಇದು ಒಪ್ಪಬಹುದಾದ ವಿನಿಮಯ. ಆದರೆ ಹತ್ತು ಹನ್ನೊಂದು ವರ್ಷದ ಮಗುವನ್ನು ಮನೆಯಿಂದ ದೂರ ಕಳಿಸುವುದು ಪ್ರತಿ ಮಗುವಿಗೂ ಒಗ್ಗುವುದಿಲ್ಲ. ಆದೇಶಪತ್ರ ಬಂದ ಮೇಲೆ ಮಗುವನ್ನು ಒಪ್ಪಿಸುವುದಕ್ಕಿಂತ, ಅರ್ಜಿ ಹಾಕುವ ಮೊದಲು ಅದನ್ನು ಕೇಳಬೇಕು. ಸೀಟು ಸಿಗದಿರುವ ಸಾಧ್ಯತೆಯೇ ಹೆಚ್ಚಾದ್ದರಿಂದ ಕೆಪಿಎಸ್ ಅಥವಾ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯ ಯೋಜನೆ ಜೊತೆಗೇ ಇರಲಿ.

ಯಾರಿಗೆ ಯಾವುದು

ಒಬ್ಬರ ದುಡಿಮೆಯಲ್ಲಿ ಎರಡು ಮೂರು ಮಕ್ಕಳನ್ನು ಓದಿಸಬೇಕಾದ ಮನೆಗೆ ನನ್ನ ಸಲಹೆ ಸ್ಪಷ್ಟ: ಇಬ್ಬರು ಶಿಕ್ಷಕರಿರುವ ಊರಿನ ಶಾಲೆ, ಆರನೇ ತರಗತಿಗೆ ಪ್ರವೇಶ ಪರೀಕ್ಷೆಗಳು, ಸಿಗದಿದ್ದರೆ ಕೆಪಿಎಸ್. ಶುಲ್ಕದಲ್ಲಿ ಉಳಿದ ಹಣದಲ್ಲಿ ಸ್ವಲ್ಪವನ್ನು ಕಥೆಪುಸ್ತಕಕ್ಕೆ ಖರ್ಚು ಮಾಡಿ, ಉಳಿದದ್ದನ್ನು ಪಿಯುಸಿಗೆ ಇಡಿ. ನಿಜವಾಗಿ ಹಣ ಬೇಕಾಗುವುದು ಆಗ.

ಇಬ್ಬರೂ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಮರಳುವ ಮನೆಯಲ್ಲಿ ಅಜ್ಜಿ ತಾತ ಇದ್ದರೆ ಊರಿನ ಶಾಲೆ ಸಾಕು. ಯಾರೂ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಸಂಜೆ ಎಷ್ಟರವರೆಗೆ ತೆರೆದಿರುತ್ತದೆಂದು ನೋಡಿ. ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಅದೂ ಆಗದಿದ್ದರೆ ಸಂಜೆವರೆಗೆ ಮಕ್ಕಳನ್ನು ಇಟ್ಟುಕೊಳ್ಳುವ ಖಾಸಗಿ ಶಾಲೆ ಆರಿಸಿಕೊಳ್ಳುವುದನ್ನು ಯಾರೂ ತಪ್ಪೆನ್ನಲಾಗದು.

ಹಣದ ಅಡಚಣೆ ಇಲ್ಲದ, ಆದರೆ ಊರಿನಲ್ಲಿ ಏಕೋಪಾಧ್ಯಾಯ ಶಾಲೆ ಮಾತ್ರ ಇರುವ ಮನೆಯವರು ಪಟ್ಟಣಕ್ಕಿಂತ ಮೊದಲು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲೇ ಇರುವ ಕೆಪಿಎಸ್ ಮತ್ತು ಖಾಸಗಿ ಶಾಲೆಗಳನ್ನು ನೋಡಲಿ, ಗ್ರಾಮೀಣ ಮೀಸಲು ಉಳಿಯುತ್ತದೆ. ನಿಧಾನವಾಗಿ ಕಲಿಯುವ ಮಗುವಿಗೆ ಕಟ್ಟಡ, ಮಾಧ್ಯಮ ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಹೆಸರು ಹಿಡಿದು ಕರೆಯುವ ಶಿಕ್ಷಕರು. ಅಂಥವರು ಯಾವ ಶಾಲೆಯಲ್ಲಿದ್ದರೆ ಅದೇ ಆಗಲಿ.

ಎಲ್‌ಕೆಜಿಗೆ ಖಾಸಗಿ ಶಾಲೆ ಸೇರಿಸಿ ಈಗ ಮರುಯೋಚನೆ ಮಾಡುತ್ತಿರುವವರು ಒಂದನೇ ತರಗತಿಯ ಪ್ರವೇಶದಲ್ಲೇ ಬದಲಿಸಿಬಿಡುವುದು ಸುಲಭ. ಅಲ್ಲಿ ತಪ್ಪಿದರೆ ಐದನೇ ತರಗತಿಯ ಕೊನೆಯಲ್ಲಿ. ಬಾಕಿ ಶುಲ್ಕದ ನೆಪದಲ್ಲಿ ಟಿ.ಸಿ. ತಡೆಹಿಡಿದರೂ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ: ಟಿ.ಸಿ. ತಡವಾಯಿತೆಂಬುದು ಎಂಟನೇ ತರಗತಿಯವರೆಗೆ ಪ್ರವೇಶ ನಿರಾಕರಿಸಲು ಕಾರಣವಾಗದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಹೋಗುವಾಗ ಮಗುವಿನ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ, ಬರೆದುಕೊಂಡು ಹೋಗಿ, ಮುಖ್ಯ ಶಿಕ್ಷಕರು ಹಳೆಯ ದಾಖಲೆ ಹುಡುಕಲು ಅದರಿಂದ ಅನುಕೂಲವಾಗುತ್ತದೆ. ಎಲ್ಲಿ ಸೇರಿಸಿದರೂ ದಸರಾ ರಜೆಯ ಹೊತ್ತಿಗೆ ಒಮ್ಮೆ ಮಗುವಿನಿಂದ ಒಂದು ಪುಟ ಓದಿಸಿ ನೋಡಿ. ಓದಲು ಬರುತ್ತಿಲ್ಲವೆಂದಾದರೆ ಶಿಕ್ಷಕರ ಜೊತೆ ಕುಳಿತು ಮಾತಾಡಲು ಆಗ ಇನ್ನೂ ಅರ್ಧ ವರ್ಷ ಉಳಿದಿರುತ್ತದೆ.